ವಿಶೇಷ ಮಕ್ಕಳ ಶಾಲೆಯೂ ತಂದೆತಾಯಿಗಳ ಸೇವೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಎರಡನೆಯ ದಿವಸ, ಪ್ರಸಾದಕ್ಕೆ ಮುಂಚಿನ ಸಭೆಯಲ್ಲಿ ಓದಿದ ಭಾಷಣ)

 

ಇಂತಹ ಸಭೆಯಲ್ಲಿ ನಿಂತು ಮಾತನಾಡುವ ಯೋಗ್ಯತೆ ನನಗುಂಟೆಂದು ನಾನು ಎಂದೂ ಎಣಿಸಿದವನಲ್ಲ. ನಾನು ಪಂಡಿತನಲ್ಲ, ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟುಕೊಂಡಿರುವವನು. ನಿಮ್ಮಲ್ಲಿ ಅನೇಕರ ಅಂಗಿಗಳ ಅಳತೆ ನನ್ನ ವಹಿಯಲ್ಲಿರುವುದು. ಬಾಲ್ಯದಲ್ಲಿ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ನಾಲ್ಕಕ್ಷರ ಕಲಿತೆನೆಂಬುದೊಂದೇ ಈ ವೇದಿಕೆಗೂ ನನಗೂ ಇರುವ ಸಂಬಂಧ. ಆದರೆ ಹೋದ ತಿಂಗಳು ಶ್ರೀಗಳವರು ನನ್ನನ್ನು ಬರಮಾಡಿಕೊಂಡು, “ನೀನು ಪ್ರತಿ ಗುರುವಾರ ಮಧ್ಯಾಹ್ನದವರೆಗೆ ಅಂಗಡಿಯ ಬಾಗಿಲು ಮುಚ್ಚಿ ಎಲ್ಲಿಗೆ ಹೋಗುತ್ತೀ, ಅಲ್ಲಿ ಏನು ಮಾಡುತ್ತೀ, ಅದಷ್ಟನ್ನು ಭಕ್ತರಿಗೆ ಹೇಳು; ಹೆಚ್ಚಿನದೇನೂ ಬೇಡ” ಎಂದು ಅಪ್ಪಣೆ ಕೊಡಿಸಿದರು. ಅಪ್ಪಣೆಯ ಎಲ್ಲೆಯನ್ನು ಮೀರದಂತೆ ಹೇಳಲು ಪ್ರಯತ್ನಿಸುವೆನು.

ನಾನು ಹೋಗುವುದು ಊರ ಹೊರಗಿರುವ ವಿಶೇಷ ಮಕ್ಕಳ ಶಾಲೆಗೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವವರು, ಕೈಕಾಲುಗಳು ಮಿದುಳಿನ ಮಾತನ್ನು ಕೇಳದವರು, ನುಡಿ ಬಾರದವರು, ಜನರ ನಡುವೆ ಇದ್ದೂ ಬೇರೊಂದು ಕಡೆಗೆ ಕಿವಿಗೊಟ್ಟವರಂತೆ ತೋರುವವರು - ಇಂತಹ ನಾಲ್ವತ್ತು ಮಕ್ಕಳು ಅಲ್ಲಿ ಕಲಿಯುತ್ತಿರುವರು. ಇವರನ್ನು ಕುರಿತು ನಮ್ಮ ಹಿರಿಯರು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಉಚ್ಚರಿಸಲಾರೆ. ನಮ್ಮ ಓಣಿಯಲ್ಲಿ ಅವು ಇನ್ನೂ ಸತ್ತಿಲ್ಲ. ಸರಕಾರದ ಕಾನೂನಿನಲ್ಲಾದರೂ ಮಾತು ತಿದ್ದಿಕೊಂಡು ಬಂದಿರುವುದು. 1995ರ ಕಾಯಿದೆಯಲ್ಲಿ 7 ಬಗೆಯ ನ್ಯೂನತೆಗಳು ಮಾತ್ರ ಹೆಸರಿಸಲ್ಪಟ್ಟಿದ್ದವು. 2016ರ ಕಾಯಿದೆಯಲ್ಲಿ ಅವು 21 ಆದವು. ಎಣಿಕೆಯಲ್ಲಿ ಸಿಕ್ಕದ ಮಗುವಿಗೆ ಹಕ್ಕೂ ಸಿಕ್ಕುವುದಿಲ್ಲವಾದುದರಿಂದ ಇದು ಬರಿಯ ಶಬ್ದಗಳ ಸಂಗತಿಯಲ್ಲ.

ನನ್ನ ಮಗನು ಹುಟ್ಟಿದುದು 2008ರಲ್ಲಿ. ಹುಟ್ಟಿದ ಮೂರನೆಯ ದಿನವೇ ವೈದ್ಯರು ಅವನ ಕಣ್ಣುಗಳ ಓರೆಯನ್ನೂ ಅಂಗೈಯ ಗೆರೆಯನ್ನೂ ನೋಡಿ, ರಕ್ತಪರೀಕ್ಷೆ ಮಾಡಿಸಿ, ಇದು ಡೌನ್ ಸಿಂಡ್ರೋಮ್ ಎಂದರು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರುವುದು ಸಾಮಾನ್ಯ. ಇಂತಹ ಮಕ್ಕಳಲ್ಲಿ 21ನೆಯ ಜೋಡಿಯಲ್ಲಿ ಒಂದು ಹೆಚ್ಚಾಗಿ 47 ಇರುವುವು. ಇದನ್ನು ಪ್ಯಾರಿಸಿನ ವಿಜ್ಞಾನಿಗಳು 1959ರಲ್ಲಿಯೇ ಕಂಡುಹಿಡಿದು ಜಗತ್ತಿಗೆ ತಿಳಿಸಿದ್ದರು. ನಮ್ಮ ಮನೆಗೆ ಆ ಸುದ್ದಿ ಮುಟ್ಟಲು ಐವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಬಂಧುಗಳು ತಮ್ಮ ತಮ್ಮ ತೀರ್ಪನ್ನು ಕೊಟ್ಟಾಗಿತ್ತು. ಬಸಿರಿನಲ್ಲಿ ಗ್ರಹಣ ನೋಡಿದಳೆಂದು ಕೆಲವರು, ಹಿಂದಿನ ಜನ್ಮದ ಫಲವೆಂದು ಕೆಲವರು, ಎಲ್ಲರೂ ಬೆರಳು ತೋರಿಸಿದುದು ನನ್ನ ಮನೆಯವಳ ಕಡೆಗೆ. ವೈದ್ಯರು ಹೇಳಿದ್ದನ್ನು ಕೇಳಿ ತಿಳಿದಿದ್ದ ನಾನು ಆಗ ಬಾಯಿ ತೆರೆಯಲಿಲ್ಲ. ಆ ಮೌನವು ನನ್ನ ಮೇಲಿರುವ ಸಾಲ. ಇಂದು ಈ ಸಭೆಯ ಎದುರಿನಲ್ಲಿ, ಅವಳು ಆ ತಾಯಂದಿರ ಸಾಲಿನಲ್ಲಿ ಕುಳಿತಿರುವಾಗ ಹೇಳುತ್ತೇನೆ: ಅದು ಅವಳ ತಪ್ಪಲ್ಲ, ಯಾರ ತಪ್ಪೂ ಅಲ್ಲ.

ಅಲ್ಲಿಂದ ಏಳು ವರ್ಷ ನಾವಿಬ್ಬರೂ ಕೂಡಿ ಶ್ರೀಮಠದ ಜಾತ್ರೆಗೆ ಬರಲಿಲ್ಲ. ಒಂದು ವರ್ಷ ನಾನು ಬಂದು ತೇರಿನ ಮಿಣಿ ಹಿಡಿದರೆ ಅವಳು ಮಗುವಿನೊಡನೆ ಮನೆಯಲ್ಲಿ. ಮರುವರ್ಷ ಅವಳು ಬಂದರೆ ನಾನು ಮನೆಯಲ್ಲಿ. ಕೇಳಿದವರಿಗೆ ಮಗುವಿಗೆ ಜ್ವರವೆನ್ನುತ್ತಿದ್ದೆವು. ಏಳು ಜಾತ್ರೆಗಳಿಗೆ ಏಳು ಜ್ವರ! ಯಾರೂ ಹಾಗೆ ಮಾಡಿರೆಂದು ನಮಗೆ ಹೇಳಿರಲಿಲ್ಲ. ಇಲ್ಲಿ ಮಗುವನ್ನು ಬೇಡವೆನ್ನುವವರು ಒಬ್ಬರೂ ಇರಲಿಲ್ಲವೆಂದು ಈಗ ತಿಳಿಯುತ್ತದೆ. ನಾವು ಕೇಳಿ ನೋಡಲೇ ಇಲ್ಲ.

ಶಾಲೆಯ ಮಾತು ಬಂದಾಗ ಎರಡು ಶಾಲೆಗಳ ಬಾಗಿಲು ಬಡಿದೆವು. ಅವುಗಳ ಹೆಸರು ಇಲ್ಲಿ ಬೇಡ. ಒಂದರಲ್ಲಿ ಸ್ಥಳವಿಲ್ಲವೆಂದರು, ಇನ್ನೊಂದರಲ್ಲಿ, ಉಳಿದ ಮಕ್ಕಳ ತಂದೆತಾಯಿಗಳು ಒಪ್ಪಲಾರರೆಂದು ಇದ್ದುದನ್ನು ಇದ್ದಂತೆ ಹೇಳಿದರು. ಎರಡನೆಯವರ ಮೇಲೆ ನನಗೆ ಸಿಟ್ಟು ಕಡಿಮೆ. ಕೊನೆಗೆ 2016ರಲ್ಲಿ, ಮಗನಿಗೆ ಎಂಟು ತುಂಬಿದಾಗ, ಈಗ ಹೇಳಿದ ವಿಶೇಷ ಶಾಲೆಗೆ ಸೇರಿಸಿದೆವು.

ಮೊದಲ ವಾರ ನಾನು ಅಂಗಡಿ ಬಿಟ್ಟು ಶಾಲೆಯ ಪಡಸಾಲೆಯಲ್ಲಿ ಕುಳಿತೆನು. ಅವನು ಅತ್ತರೆ ಓಡಿಹೋಗಬೇಕೆಂಬ ಎಣಿಕೆ. ಅವನು ಅಳುತ್ತಿದ್ದುದು ನಾನು ಕುಳಿತಿದ್ದೆನಾದುದರಿಂದಲೇ ಎಂಬುದು ನನಗೆ ಹೊಳೆಯಲಿಲ್ಲ. ಐದನೆಯ ದಿನ ಮುಖ್ಯ ಶಿಕ್ಷಕಿಯವರು, ಮಕ್ಕಳೆಲ್ಲ ಅಕ್ಕೋರೆಂದು ಕರೆಯುವವರು, ನನ್ನ ಬಳಿಗೆ ಬಂದು, “ಯಜಮಾನರೇ, ನೀವು ಇಲ್ಲಿ ಕೂತರೆ ಇವನ ಕಣ್ಣು ಬಾಗಿಲಲ್ಲಿಯೇ ಇರುತ್ತದೆ. ಮನೆಗೆ ಹೋಗಿರಿ; ಇಲ್ಲವೇ ಒಳಗೆ ಬಂದು ಕೆಲಸ ಮಾಡಿರಿ. ಆದರೆ ನಿಮ್ಮ ಮಗನ ಕೋಣೆಯಲ್ಲಲ್ಲ” ಎಂದರು. ಹೊಲಿಗೆಯವನಿಗೆ ಶಾಲೆಯಲ್ಲಿ ಏನು ಕೆಲಸವೆಂದು ಕೇಳಿದೆನು. ಅವರು ನಕ್ಕು, ಕಪಾಟಿನಿಂದ ಮಕ್ಕಳ ಅಂಗಿಗಳ ಒಂದು ಗಂಟನ್ನೇ ತಂದು ಮುಂದಿಟ್ಟರು. ಎಲ್ಲವೂ ಕಿತ್ತ ಗುಂಡಿಗಳ ಅಂಗಿಗಳು.

ಅಂದಿನಿಂದ ಪ್ರಾರಂಭವಾಯಿತು ನನ್ನ ಗುರುವಾರ.

ಗುಂಡಿಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು. ನನಗೆ ಚೆನ್ನಾಗಿ ತಿಳಿದಿರುವುದು ಅದೊಂದೇ. ಈ ಮಕ್ಕಳಲ್ಲಿ ಅನೇಕರ ಸ್ನಾಯುಗಳು ಸಡಿಲವಾಗಿರುವುವು, ಬೆರಳುಗಳು ಗಿಡ್ಡವಾಗಿರುವುವು, ಕೆಲವರ ಕೈಗಳು ಇದಕ್ಕೆ ಪ್ರತಿಯಾಗಿ ಬಿಗಿದು ಸೆಟೆದಿರುವುವು. ಚಿಕ್ಕ ಗುಂಡಿಯು ಚಿಕ್ಕ ಕಾಜದಲ್ಲಿ ತೂರುವುದು ಅವರಿಗೆ ನಮಗೆ ಸೂಜಿಯ ಕಣ್ಣಿನಲ್ಲಿ ಹಗ್ಗ ತೂರಿದಷ್ಟು ಕಷ್ಟ. ಎಳೆದೆಳೆದು ಕೀಳುವರು. ನಾನು ಒಂದು ತಿಂಗಳಲ್ಲಿ ಎಲ್ಲ ಅಂಗಿಗಳ ಗುಂಡಿಗಳನ್ನೂ ತೆಗೆದು, ಒಳಗಡೆ ವೆಲ್ಕ್ರೋ ಪಟ್ಟಿ ಹೊಲಿದು, ಮೇಲೆ ನೋಟಕ್ಕೆ ಮಾತ್ರ ಗುಂಡಿ ಕೂಡಿಸಿಕೊಟ್ಟೆನು. ಚಡ್ಡಿಗಳ ಹುಕ್ಕುಗಳನ್ನು ಕಿತ್ತು ಇಲಾಸ್ಟಿಕ್ ಹಾಕಿದೆನು. ಬಹಳ ದೊಡ್ಡ ಉಪಕಾರ ಮಾಡಿದೆನೆಂದು ನನ್ನ ಭಾವನೆ. ಅಕ್ಕೋರು ನೋಡಿ ಸಂತೋಷಪಟ್ಟರು. ಆಮೇಲೆ ಅಂಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ನನಗೆ ಮರಳಿ ಕೊಟ್ಟರು. “ಇವರ ಕೈ ಎಂದೂ ಗುಂಡಿ ಹಾಕಲಾರದು, ಇವರಿಗೆ ನಿಮ್ಮ ಪಟ್ಟಿ ವರದಾನ. ಆದರೆ ಇವರು ಕಲಿಯಬಲ್ಲರು. ಇವರ ಗುಂಡಿಯನ್ನು ನೀವು ಕಸಿದುಕೊಂಡಿರಿ” ಎಂದರು. ಆ ಎರಡನೆಯ ಗುಂಪಿನಲ್ಲಿ ನನ್ನ ಮಗನ ಅಂಗಿಯೂ ಇದ್ದಿತು.

ಮರುವಾರ ಒಂದು ಕಟ್ಟಿಗೆಯ ಚೌಕಟ್ಟಿಗೆ ಎರಡು ತುಂಡು ದಪ್ಪ ಬಟ್ಟೆಗಳನ್ನು ಬಡಿದು, ಒಂದರಲ್ಲಿ ರೂಪಾಯಿಯಷ್ಟಗಲದ ಐದು ಗುಂಡಿಗಳನ್ನೂ ಇನ್ನೊಂದರಲ್ಲಿ ಅವುಗಳಿಗೆ ಸಡಿಲವಾದ ಕಾಜಗಳನ್ನೂ ಮಾಡಿಕೊಡಲು ಹೇಳಿದರು. ಮಗುವು ಮೈಮೇಲಿನ ಅಂಗಿಯಲ್ಲಿ ಕಲಿಯುವುದಕ್ಕಿಂತ ಮುಂಚೆ ಮೇಜಿನ ಮೇಲೆ, ಕಣ್ಣೆದುರಿಗೆ ಕಲಿಯುವುದು. ಇಂತಹ ಚೌಕಟ್ಟುಗಳನ್ನು ಮಾಂಟೆಸೊರಿ ಶಾಲೆಗಳಲ್ಲಿ ನೀವು ನೋಡಿರಬಹುದು. ಇಟಲಿಯ ಮಾರಿಯಾ ಮಾಂಟೆಸೊರಿಯವರು ತಮ್ಮ ಪ್ರಸಿದ್ಧವಾದ ಮಕ್ಕಳ ಮನೆಯನ್ನು ರೋಮಿನಲ್ಲಿ ತೆರೆದುದು 1907ರಲ್ಲಿ. ಆದರೆ ಅದಕ್ಕೆ ಕೆಲವು ವರ್ಷಗಳ ಹಿಂದೆ, ವೈದ್ಯೆಯಾಗಿದ್ದ ಅವರು ಅದೇ ನಗರದಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳೊಡನೆ ಹಗಲೆಲ್ಲ ಕಳೆದು, ಕೈಯ ಮೂಲಕ ಬುದ್ಧಿಯನ್ನು ಎಚ್ಚರಿಸುವ ದಾರಿಯನ್ನು ಅವರಲ್ಲಿಯೇ ಕಂಡುಕೊಂಡರು. ಇಂದು ಶ್ರೀಮಂತರ ಮಕ್ಕಳು ಹೆಚ್ಚಿನ ಶುಲ್ಕ ತೆತ್ತು ಕಲಿಯುವ ಆ ಪದ್ಧತಿಯ ಬೇರುಗಳು ನಮ್ಮಂತಹವರ ಮಕ್ಕಳ ಬೆರಳುಗಳಲ್ಲಿರುವುವು. ಅವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧಕಾಲವನ್ನೆಲ್ಲ ನಮ್ಮ ದೇಶದಲ್ಲಿಯೇ ಕಳೆದು ಶಿಕ್ಷಕರನ್ನು ತಯಾರಿಸಿದರು.

ಚೌಕಟ್ಟು ಸಿದ್ಧವಾದ ಮೇಲೆ ಕಲಿಸುವ ಕ್ರಮವನ್ನು ನೋಡಿ ನಾನು ಬೆರಗಾದೆನು. ನಾನು ಎಣಿಸಿದ್ದು, ಮೊದಲು ಗುಂಡಿ ಹಿಡಿಯುವುದನ್ನು ಕಲಿಸಿ, ಆಮೇಲೆ ತೂರಿಸುವುದನ್ನು, ಆಮೇಲೆ ಎಳೆಯುವುದನ್ನು ಕಲಿಸುವರೆಂದು. ಅವರು ತಿರುಗುಮುರುಗಾಗಿ ಮಾಡುವರು. ಗುಂಡಿಯನ್ನು ತಾವೇ ಹಿಡಿದು, ತಾವೇ ಮುಕ್ಕಾಲು ಭಾಗ ತೂರಿಸಿ, ಕಡೆಯ ಎಳೆತವೊಂದನ್ನು ಮಗುವಿಗೆ ಬಿಡುವರು. ಎಳೆದೊಡನೆ ಗುಂಡಿ ಕೂಡುವುದು. ಮಗುವು ‘ನಾನು ಹಾಕಿದೆ’ ಎಂದು ಹಿಗ್ಗುವುದು. ಅದು ಕೈಗೆ ಹತ್ತಿದ ಮೇಲೆ ಅರ್ಧ ತೂರಿಸಿ ಬಿಡುವರು. ಅದೂ ಬಂದ ಮೇಲೆ ಕಾಲುಭಾಗ. ಹೀಗೆ ಹಿಂದಿನಿಂದ ಮುಂದಕ್ಕೆ ಬರುತ್ತಾ, ಪ್ರತಿದಿನವೂ ಕೆಲಸವು ಮಗುವಿನ ಕೈಯಲ್ಲಿಯೇ ಮುಗಿಯುವಂತೆ ನೋಡಿಕೊಳ್ಳುವರು. ಸೋತು ಎದ್ದುಹೋಗುವ ಸಂದರ್ಭವೇ ಬಾರದು. ಮೂವತ್ತು ವರ್ಷ ಅಂಗಡಿಯಲ್ಲಿ ಹುಡುಗರಿಗೆ ಹೊಲಿಗೆ ಕಲಿಸಿದವನು ನಾನು. ತಪ್ಪಿದಾಗ ತಲೆಗೆ ಮೊಟಕುವುದೇ ನನಗೆ ಗೊತ್ತಿದ್ದ ವಿದ್ಯೆ. ಈಗ ಅಂಗಡಿಯ ಹುಡುಗರಿಗೂ ಹೀಗೆಯೇ ಕಲಿಸುತ್ತಿರುವೆನು. ಅವರು ಬೇಗ ಕಲಿಯುತ್ತಾರೆ. ನನಗೆ ಕೈನೋವು ತಪ್ಪಿತು.

ಎರಡನೆಯ ಪಾಠ ಕಾಯುವುದು. ಇಂತಹ ಮಗುವಿಗೆ ‘ಕುರ್ಚಿ ತಾ’ ಎಂದರೆ ಆ ಮಾತು ಒಳಗೆ ಇಳಿದು, ಅರ್ಥವಾಗಿ, ಕೈಕಾಲುಗಳಿಗೆ ಮುಟ್ಟಲು ಸಮಯ ಬೇಕು. ನಾವು ತಡೆಯಲಾರದೆ ಎರಡನೆಯ ಸಾರಿ, ಮೂರನೆಯ ಸಾರಿ ಹೇಳುತ್ತೇವೆ. ಪ್ರತಿಸಾರಿಯೂ ಮಗುವು ಮೊದಲಿನಿಂದ ಕೇಳಬೇಕಾಗುವುದು. ಒಂದು ಸಾರಿ ಹೇಳಿ ಮನಸ್ಸಿನಲ್ಲಿ ಹತ್ತು ಎಣಿಸಬೇಕೆಂದು ಅಕ್ಕೋರು ಕಲಿಸಿದರು. ಎಣಿಸಿ ನೋಡಿರಿ, ಹತ್ತು ಎಣಿಸುವುದು ಎಷ್ಟು ದೀರ್ಘವೆಂಬುದು ತಿಳಿಯುವುದು. ನನ್ನ ಪಾಲಿಗೆ ಬಂದ ಒಬ್ಬ ಹುಡುಗನು ನುಡಿಯಲಾರದವನು, ಚಿತ್ರದ ಚೀಟಿಗಳನ್ನು ತೋರಿಸಿ ತನಗೆ ಬೇಕಾದುದನ್ನು ತಿಳಿಸುವವನು. ನೀರಿನ ಚಿತ್ರವನ್ನು ಅವನು ಆರಿಸಿ ನನ್ನ ಕೈಗೆ ಕೊಡುವವರೆಗೆ, ಅವನಿಗೆ ಬಾಯಾರಿದೆಯೆಂದು ಕಣ್ಣಾರೆ ಕಂಡರೂ ನಾನು ತಂಬಿಗೆಯನ್ನು ಮುಟ್ಟದೆ ಕುಳಿತುಕೊಳ್ಳಬೇಕು. ಮೊದಲ ದಿನ ನನ್ನಿಂದಾಗಲಿಲ್ಲ. ನೀರು ಕೊಡುವುದು ಪುಣ್ಯವೆಂದು ಬೆಳೆದವರು ನಾವು. ಕೊಡದೆ ಕಾಯುವುದೂ ಒಂದು ಸೇವೆಯೆಂದು ಒಪ್ಪಿಕೊಳ್ಳಲು ನನಗೆ ಬಹಳ ದಿವಸ ಹಿಡಿಯಿತು.

ಮನೆಯಲ್ಲಿ ನಾವು ಮಾಡುತ್ತಿದ್ದ ಅಪರಾಧವೂ ಆಗ ಕಂಡಿತು. ಎಂಟು ವರ್ಷದ ಹುಡುಗನಿಗೆ ರೊಟ್ಟಿಯನ್ನು ಮುರಿದು, ಪಲ್ಯ ಹಚ್ಚಿ, ಬಾಯಿಗೆ ಇಡುತ್ತಿದ್ದೆವು. ಅದು ಪ್ರೀತಿಯಲ್ಲವೆಂದು ಹೇಳಲಾರೆ. ಆದರೆ ಅರ್ಧ ಪ್ರೀತಿ, ಅರ್ಧ ಅವಸರ. ಅವನು ತಾನೇ ಉಂಡರೆ ಮುಕ್ಕಾಲು ತಾಸು, ಚೆಲ್ಲಾಪಿಲ್ಲಿ; ನಾವು ಉಣಿಸಿದರೆ ಹತ್ತು ನಿಮಿಷ. ಅಂಗಡಿಗೆ ಹೊತ್ತಾಗುತ್ತಿತ್ತು.

ಶಾಲೆಯಲ್ಲಿ ಸೇವೆಗೆ ಬರುವ ತಂದೆತಾಯಿಗಳಿಗೆ ಕೆಲವು ಕಟ್ಟುಗಳಿರುವುವು. ತನ್ನ ಮಗುವಿನ ಕೋಣೆಗೆ ಹೋಗಬಾರದೆಂಬುದು ಮೊದಲನೆಯದು. ಹೋದರೆ ಮಗುವು ಮತ್ತೆ ಮನೆಯ ಮಗುವಾಗುವುದು, ನಾವು ಉಳಿದ ಮಕ್ಕಳಿಗೆ ಕುರುಡರಾಗುವೆವು. ಶೌಚ, ಸ್ನಾನ, ಬಟ್ಟೆ ಬದಲಿಸುವುದು ಶಾಲೆಯ ಆಯಾಗಳ ಕೆಲಸ, ನಮ್ಮದಲ್ಲ. ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನೊಡನೆ ಯಾರೂ ಒಬ್ಬರೇ ಇರಬಾರದು. ಇದನ್ನು ಕೇಳಿ ನನಗೆ ಮೊದಲು ಅವಮಾನವಾದಂತೆನಿಸಿತು. ಆದರೆ ನುಡಿ ಬಾರದ ಮಗುವು ತನಗಾದ ಅನ್ಯಾಯವನ್ನು ಯಾರಿಗೆ ಹೇಳೀತು? ಒಳ್ಳೆಯವರೂ ಪಾಲಿಸಿದಾಗ ಮಾತ್ರ ಆ ಕಟ್ಟಿಗೆ ಬಲ. ಭಾವಚಿತ್ರ ತೆಗೆಯಬಾರದು. ಅಲ್ಲಿ ಕಂಡುದನ್ನು ಓಣಿಯಲ್ಲಿ ಆಡಬಾರದು. ಬರುತ್ತೇನೆಂದ ದಿನ ಬರಲೇಬೇಕು; ದಿನಚರಿಯನ್ನೇ ನೆಚ್ಚಿ ನಿಂತ ಕೆಲವು ಮಕ್ಕಳು, ಗುರುವಾರ ಬರಬೇಕಾದ ಕಾಕಾ ಬಾರದಿದ್ದರೆ ದಿನವೆಲ್ಲ ತಳಮಳಿಸುವರು.

ಇನ್ನೊಂದು ಕಟ್ಟು, ಹೊರಗಿನ ತಿನಿಸನ್ನು ತರಬಾರದೆಂಬುದು. ಅದನ್ನು ಮುರಿದವನು ನಾನು.

ನನ್ನ ಮಗನಿಗೆ ಹತ್ತು ತುಂಬಿದ ದಿನ. ಧಾರವಾಡಕ್ಕೆ ಹೋಗಿದ್ದವನು ಎರಡು ಕಿಲೋ ಪೇಢೆ ತಂದಿದ್ದೆನು. ಅಕ್ಕೋರು ಕಚೇರಿಯಲ್ಲಿದ್ದರು, ಕೇಳಿದರೆ ಬೇಡವೆನ್ನುವರೆಂದು ನನಗೆ ಗೊತ್ತಿತ್ತು, ಆದುದರಿಂದಲೇ ಕೇಳಲಿಲ್ಲ. ಹುಟ್ಟಿದ ದಿನದ ಸಿಹಿ, ಇದರಿಂದ ಏನಾದೀತು ಎಂದುಕೊಂಡು ಮಕ್ಕಳ ಕೈಗೆ ಒಂದೊಂದು ಕೊಡುತ್ತಾ ಹೋದೆನು. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಏಳು ವರ್ಷದ ಹುಡುಗಿಯೊಬ್ಬಳು ಬಾಯಿ ತೆರೆದಳು. ಅವಳ ಕೈ ಬಾಯಿಗೆ ಬಾರದಾದುದರಿಂದ ನಾನೇ ಬಾಯಿಗಿಟ್ಟೆನು. ಮೆದುಳಿನ ಪಾರ್ಶ್ವವಾಯುವಿನಿಂದ ಕೈಕಾಲುಗಳು ಸೆಟೆಯುವಂತೆಯೇ ಕೆಲವರಿಗೆ ನುಂಗುವ ಸ್ನಾಯುಗಳೂ ಹಿಡಿತ ತಪ್ಪುವುವು; ಅವರ ಆಹಾರವನ್ನು ತೆಳುವಾಗಿಯೋ ಗಟ್ಟಿಯಾಗಿಯೋ ಹದಮಾಡಿ, ನೇರವಾಗಿ ಕೂಡಿಸಿ, ಇಷ್ಟಿಷ್ಟೇ ಕೊಡಬೇಕು. ಇದನ್ನು ನಾನು ತಿಳಿದುದು ಅನಂತರ. ಆ ಕ್ಷಣದಲ್ಲಿ ನಾನು ಕಂಡುದು ಅವಳ ತುಟಿಗಳು ನೀಲಿಯಾದುದನ್ನು ಮಾತ್ರ. ಕೆಮ್ಮು ಸಹ ಬರಲಿಲ್ಲ. ಆಯಾ ಕೂಗಿದಳು, ಅಕ್ಕೋರು ಓಡಿಬಂದು, ಅವಳನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ನಡುವೆ ಅಂಗೈಯ ಬುಡದಿಂದ ಬಲವಾಗಿ ಗುದ್ದಿದರು. ನಾಲ್ಕನೆಯ ಗುದ್ದಿಗೆ ಪೇಢೆ ಹೊರಬಿದ್ದಿತು. ಮಗು ಅತ್ತಿತು. ಅಳುವು ಅಷ್ಟು ಇಂಪಾಗಿ ಕೇಳುವುದೆಂದು ನಾನು ಅರಿತಿರಲಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ಅಕ್ಕೋರು ಒಂದು ವಹಿಯನ್ನು ತಂದು, ನಡೆದುದನ್ನು ನನ್ನ ಕೈಯಿಂದಲೇ ಬರೆಯಿಸಿ, ಸಹಿ ಹಾಕಿಸಿದರು. ಸಂಜೆ ಆ ಮಗುವಿನ ತಾಯಿಗೆ ನಾನೇ ತಿಳಿಸಬೇಕೆಂದರು. ಅವಳು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬದುಕುವವಳು. ನಾನು ಹೇಳಿ ಮುಗಿಸುವವರೆಗೆ ಸುಮ್ಮನೆ ನಿಂತು ಕೇಳಿ, “ಅಣ್ಣಾ, ನೀನು ಕೊಟ್ಟದ್ದು ನಿನ್ನ ಸಂತೋಷಕ್ಕ. ಆಕಿಗೇನು ಬೇಕು ಅನ್ನೋದನ್ನ ನೀನು ಕೇಳಲಿಲ್ಲ” ಎಂದಳು. ಅಷ್ಟನ್ನೇ ಅಂದು ಮಗುವನ್ನು ಎತ್ತಿಕೊಂಡು ಹೋದಳು. ಮರುಗುರುವಾರ ಹೋಗುವ ಧೈರ್ಯ ನನಗಿರಲಿಲ್ಲ. ನನ್ನ ಮನೆಯವಳು ಅಂಗಡಿಯ ಕೀಲಿಯನ್ನು ತಾನು ಇಟ್ಟುಕೊಂಡು, “ಹೋಗಿ ಬಾ” ಎಂದಳು. ಹೋದೆನು. ಆ ಹುಡುಗಿಗೆ ಉಣಿಸುವ ಕ್ರಮವನ್ನು ಕಲಿಯಲು ಮೂರು ತಿಂಗಳು ಅವಳ ಆಯಾಳ ಬಳಿಯಲ್ಲಿ ಕುಳಿತೆನು. ಚಮಚವನ್ನು ಇನ್ನೂ ನನ್ನ ಕೈಗೆ ಕೊಟ್ಟಿಲ್ಲ, ಕೊಡುವುದೂ ಬೇಡ.

ಭಕ್ತಮಹಾಶಯರೇ, ಈ ಶಾಲೆಗೆ ಶ್ರೀಮಠದ ಭಕ್ತರು ಬಾರದೆ ಇಲ್ಲ. ಮಕ್ಕಳ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿ, ಮಗನಿಗೆ ನೌಕರಿ ಸಿಕ್ಕ ಸಂತೋಷ - ಇಂತಹ ದಿನಗಳಲ್ಲಿ ಸಿಹಿಯ ಡಬ್ಬಿಗಳೊಡನೆ ಬರುವರು, ಸಾಲಾಗಿ ನಿಲ್ಲಿಸಿ ಹಂಚುವರು, ಚಿತ್ರ ತೆಗೆಯಿಸುವರು, ಅರ್ಧ ತಾಸಿನಲ್ಲಿ ಹೋಗುವರು. ಅವರ ಮನಸ್ಸಿನಲ್ಲಿ ಕೆಟ್ಟದಿಲ್ಲ. ಪೇಢೆ ತಂದ ನನ್ನಲ್ಲಿಯೂ ಇರಲಿಲ್ಲ. ಆದರೆ ಆ ಮಕ್ಕಳಲ್ಲಿ ಒಬ್ಬನಿಗೆ ಮೂರ್ಛೆಯ ಔಷಧ, ಒಬ್ಬಳಿಗೆ ಥೈರಾಯ್ಡಿನ ತೊಂದರೆ, ಒಬ್ಬನಿಗೆ ನುಂಗುವ ತೊಂದರೆ. ಗದ್ದಲ ಕೇಳಿದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವವರು ಮೂವರು. ಆ ಡಬ್ಬಿಯ ಹಣವನ್ನು ಶಾಲೆಯ ಪೆಟ್ಟಿಗೆಗೆ ಹಾಕಿ, ಚಿತ್ರವನ್ನು ಬಿಟ್ಟು, ವಾರಕ್ಕೆ ಎರಡು ತಾಸಿನಂತೆ ಒಂದು ವರ್ಷ ಬರುವೆನೆಂದು ಒಪ್ಪಿಕೊಳ್ಳುವವರು ಹತ್ತು ಜನ ಸಿಕ್ಕಿದರೆ ನಮ್ಮ ಶಿಕ್ಷಕಿಯರಿಗೆ ಉಸಿರಾಡಲು ಬಿಡುವಾದೀತು.

ತಂದೆತಾಯಿಗಳು ಶಾಲೆಯೊಳಗೆ ಕಾಲಿಡುವುದು ನಾನು ಮಾಡಿದ ಹೊಸ ಮಾತೇನಲ್ಲ. ಇಂತಹ ಶಾಲೆಗಳು ಅನೇಕ ಕಡೆಗಳಲ್ಲಿ ಹುಟ್ಟಿದುದೇ ತಂದೆತಾಯಿಗಳಿಂದ. ಇಂಗ್ಲೆಂಡಿನಲ್ಲಿ ಆಟಿಸಂ ಉಳ್ಳ ಮಕ್ಕಳ ಹೆತ್ತವರು 1962ರಲ್ಲಿ ಕೂಡಿ ಸಂಘ ಕಟ್ಟಿ, 1965ರಲ್ಲಿ ಲಂಡನ್ನಿನ ಈಲಿಂಗಿನಲ್ಲಿ ತಮ್ಮ ಮಕ್ಕಳಿಗೆ ಶಾಲೆ ತೆರೆದರು. ಮುಂಬಯಿಯಲ್ಲಿ ಮಿತು ಅಲೂರ್ ಎಂಬ ತಾಯಿಯು, ಮೆದುಳಿನ ಪಾರ್ಶ್ವವಾಯುವಿದ್ದ ತನ್ನ ಮಗಳಿಗೆ ತಕ್ಕ ಶಾಲೆಯಿಲ್ಲದ್ದನ್ನು ಕಂಡು 1970ರ ದಶಕದ ಮೊದಲಲ್ಲಿ ತಾನೇ ಶಾಲೆ ಕಟ್ಟಿದಳು. ಆ ಮಗಳು ಮಾಲಿನಿ ಚಿಬ್ ಮುಂದೆ ದೊಡ್ಡ ಪದವಿಗಳನ್ನು ಪಡೆದು ತನ್ನ ಜೀವನಚರಿತ್ರೆಯನ್ನು ಬರೆದಳು. ನಮ್ಮ ಮೈಸೂರಿನಲ್ಲಿಯೇ ಕಿವುಡ ಮಕ್ಕಳ ಹೆತ್ತವರು ನಡೆಸುವ ಶಾಲೆಯೊಂದುಂಟು. ಅಲ್ಲಿ ತಾಯಿಯೂ ಮಗುವೂ ಒಂದೇ ತರಗತಿಯಲ್ಲಿ ಕುಳಿತು ಕಲಿಯುವರು.

ಮಠಗಳಿಗೂ ಇದು ಹೊಸತಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳವರ ಆಶ್ರಯ ದೊರೆತುದೂ, ಅವರು ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಕಲಿಸಿದುದೂ, ಅವರ ತರುವಾಯ ಪುಟ್ಟರಾಜ ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕಾರ್ಯವನ್ನು ಬೆಳೆಸಿದುದೂ ನಿಮಗೆ ನಾನು ಹೇಳಬೇಕಾದುದಲ್ಲ. ಅಲ್ಲಿಯ ಮಕ್ಕಳು ಹಾಡಿದಾಗ ನಾವು ತಲೆದೂಗುತ್ತೇವೆ. ಆದರೆ ನನ್ನ ಮಗನು ಹಾಡಲಾರನು, ನುಡಿಸಲಾರನು. ಅವನಿಂದ ಯಾರೂ ತಲೆದೂಗುವಂತಹುದು ಏನೂ ಬಾರದು. ಅಂತಹ ಮಕ್ಕಳಿಗೂ ಅಷ್ಟೇ ಜಾಗವುಂಟೇ ಎಂಬುದು ನನ್ನ ಮನಸ್ಸಿನಲ್ಲಿ ಬಹುಕಾಲ ಇದ್ದ ಪ್ರಶ್ನೆ.

ಸೇವೆಗೆ ಬರುವವರಲ್ಲಿ ಹದಿನಾಲ್ಕು ಜನ ತಾಯಂದಿರು, ಗಂಡಸು ನಾನೊಬ್ಬನೇ. ತಂದೆಯರು ಕೆಟ್ಟವರೆಂದಲ್ಲ. ಶುಲ್ಕ ಕಟ್ಟುವರು, ಬಸ್ಸಿನವರೆಗೆ ಬಿಡುವರು, ಅಲ್ಲಿಗೆ ತಮ್ಮ ಪಾಲು ತೀರಿತೆಂದು ತಿಳಿಯುವರು. ನಾನೂ ಹಾಗೆಯೇ ಇದ್ದವನು. ಆದರೆ ಹುಡುಗರು ಬೆಳೆದು ಮೀಸೆ ಮೂಡುವ ವಯಸ್ಸಿನಲ್ಲಿ, ಗಡ್ಡ ಹೆರೆದುಕೊಳ್ಳುವುದು ಹೇಗೆ, ಬಸ್ಸಿನಲ್ಲಿ ಹೆಂಗಸರ ಪಕ್ಕದಲ್ಲಿ ಹೇಗೆ ನಿಲ್ಲಬೇಕು, ಹಣ ಕೊಟ್ಟು ಚಿಲ್ಲರೆ ಹೇಗೆ ಕೇಳಬೇಕು ಎಂಬುದನ್ನು ತೋರಿಸಲು ಗಂಡಸರು ಬೇಕು. ತಾಯಂದಿರು ಇದನ್ನೂ ಮಾಡುತ್ತಿರುವರು. ಮಾಡಬೇಕಾಗಿ ಬಂದುದಕ್ಕೆ ನಾವು ನಾಚಬೇಕು.

ಇನ್ನು ಒಂದು ಮಾತು. ಇಂತಹ ಮಕ್ಕಳ ತಂದೆತಾಯಿಗಳು ಇಬ್ಬರು ಕೂಡಿದರೆ, ಯಾವ ಮಾತಿನಿಂದ ಪ್ರಾರಂಭಿಸಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆಗೆ: ನಮ್ಮ ತರುವಾಯ ಯಾರು? ನನ್ನ ಮಗನಿಗೆ ಬರುವ ವರ್ಷ ಹದಿನೆಂಟು ತುಂಬುವುದು. ಹದಿನೆಂಟಾದ ಮೇಲೆ ಕಾನೂನಿನ ದೃಷ್ಟಿಯಲ್ಲಿ ಅವನು ಸ್ವತಂತ್ರನು. ನಾನು ಅವನ ಪರವಾಗಿ ಸಹಿ ಮಾಡಲಾರೆನು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ ಮತ್ತು ಬಹುನ್ಯೂನತೆಗಳುಳ್ಳವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಾನಿಕ ಸಮಿತಿಗಿರುವುದು. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿಗಳವರೆಗೆ ವಿಮೆಯುಂಟು. ಈ ಸಭೆಯಲ್ಲಿ ಇಂತಹ ಮಕ್ಕಳುಳ್ಳವರು ಇದ್ದೇ ಇರುವಿರಿ. ಏಳು ಜ್ವರಗಳ ಕಥೆ ನನ್ನೊಬ್ಬನದೇ ಅಲ್ಲವೆಂದು ಬಲ್ಲೆನು. ಅರ್ಜಿ ಬರೆಯಲು ಬಾರದವರು ಅಂಗಡಿಗೆ ಬನ್ನಿರಿ, ಕೂಡಿ ಬರೆಯೋಣ. 2016ರ ಕಾಯಿದೆಯಂತೆ 40 ನೂರಾಂಶಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕುಂಟು. ಸ್ಥಳವಿಲ್ಲವೆಂದವರಿಗೆ ಈ ಮಾತನ್ನು ಮೆಲ್ಲಗೆ ಹೇಳಿರಿ.

ಆದರೆ ಕಾಗದದ ಪೋಷಕನು ಬೇರೆ, ಅಂಗಿಯ ಗುಂಡಿ ಹರಿದಿದೆಯೆಂದು ನೋಡುವವನು ಬೇರೆ. ಕಳೆದ ಮಳೆಗಾಲದಲ್ಲಿ ನಾನು ಕಾಮಾಲೆಯಿಂದ ಮೂರು ವಾರ ಮಲಗಿದೆನು. ಮನೆಯವಳು ನನ್ನನ್ನು ನೋಡಬೇಕು, ಮಗನನ್ನು ನೋಡಬೇಕು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದವಳು ಆ ಗಾಲಿಕುರ್ಚಿಯ ಹುಡುಗಿಯ ತಾಯಿ. ನಾಲ್ಕು ಮನೆಗಳ ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನವೂ ಬಂದು ನನ್ನ ಮಗನನ್ನು ಎಬ್ಬಿಸಿ, ಅವನು ತಾನೇ ಅಂಗಿಯ ಐದು ಗುಂಡಿಗಳನ್ನು ಹಾಕಿಕೊಳ್ಳುವವರೆಗೆ ಹೊಸ್ತಿಲ ಮೇಲೆ ಕುಳಿತು ಕಾದು, ಶಾಲೆಯ ವಾಹನದಲ್ಲಿ ತನ್ನ ಮಗಳ ಪಕ್ಕದಲ್ಲಿ ಕೂಡಿಸಿ ಹೋಗುತ್ತಿದ್ದಳು. ನಾನು ಹಾಸಿಗೆಯಿಂದ ನೋಡುತ್ತಿದ್ದೆನು. ಒಂದು ದಿನವೂ ಅವಳು ಕೈ ಮುಂದೆ ಮಾಡಿ ಗುಂಡಿ ಹಾಕಲಿಲ್ಲ. ಅವಳಿಗೂ ಹೊತ್ತಾಗುತ್ತಿತ್ತು.

ನಾನು ಹೇಳಬೇಕಾದುದು ಮುಗಿಯಿತು. ಪ್ರಸಾದದ ಹೊತ್ತೂ ಆಯಿತು. ಒಂದು ಸೂಚನೆಯನ್ನು ಕೊಡಲು ಶ್ರೀಗಳವರು ತಿಳಿಸಿರುವರು. ಇಂದಿನ ಮೊದಲ ಪಂಕ್ತಿಯಲ್ಲಿ ನಮ್ಮ ಶಾಲೆಯ ಆರು ಜನ ಮಕ್ಕಳು ಬಡಿಸುವರು. ಹುಗ್ಗಿ, ಸಾರು ಮೊದಲಾದ ಬಿಸಿಯ ಪಾತ್ರೆಗಳನ್ನು ಎಂದಿನವರೇ ತರುವರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಮಕ್ಕಳ ಪಾಲು. ಒಂದು ತಿಂಗಳಿನಿಂದ ಶಾಲೆಯಲ್ಲಿ ಖಾಲಿ ಎಲೆಗಳನ್ನು ಹಾಸಿ, ಉಪ್ಪಿನ ಬದಲು ಮರಳು ಬಡಿಸಿ ಅಭ್ಯಾಸ ಮಾಡಿರುವರು. ಎಡಗಡೆಯ ಸಾಲಿನಲ್ಲಿ ಉಪ್ಪು ಬಡಿಸುವವನು ನನ್ನ ಮಗ; ನೀಲಿ ಅಂಗಿ, ಗುಂಡಿಗಳು ನಿಜವಾದವು. ಒಂದು ಎಲೆಗೂ ಇನ್ನೊಂದು ಎಲೆಗೂ ನಡುವೆ ಅವನಿಗೆ ಹತ್ತು ಎಣಿಸುವಷ್ಟು ಹೊತ್ತು ಬೇಕಾಗುವುದು. ಚಮಚವನ್ನು ಅವನ ಕೈಯಿಂದ ತೆಗೆದುಕೊಳ್ಳಬೇಡಿರಿ. ಉಪ್ಪು ಹೆಚ್ಚಾಗಿ ಬಿದ್ದರೆ ಪಕ್ಕಕ್ಕೆ ಸರಿಸಿಕೊಳ್ಳಿರಿ.